ಮೊದಲ ಸಲ ದೊಡ್ಡ ಬೆಟ್ಟ ಹತ್ತಲು ಹೊರಟಿದ್ದೇನೆ, ಎರಡು ತಿಂಗಳಿದೆ. ತಯಾರಿ ಎಲ್ಲಿಂದ ಶುರು ಮಾಡಲಿ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಗೆಳೆಯರೆಲ್ಲ ಸೇರಿ ಒಂದು ದೊಡ್ಡ ಬೆಟ್ಟ ಹತ್ತೋಣ ಅಂತ ತೀರ್ಮಾನ ಮಾಡಿದ್ದೇವೆ. ಹಗ್ಗ ಹಿಡಿದು ಬಂಡೆ ಏರುವಂಥದ್ದಲ್ಲ, ನಡೆದೇ ಹೋಗುವ ದಾರಿ. ಆದರೆ ಹೋಗಿ ಬರಲು ಒಟ್ಟು 18 ಕಿಲೋಮೀಟರ್, ಏರು 1,200 ಮೀಟರ್, ಎಲ್ಲ ಒಂದೇ ದಿನದಲ್ಲಿ ಮುಗಿಯಬೇಕು.

ನನ್ನದು ದಿನವಿಡೀ ಕೂತು ಮಾಡುವ ಕೆಲಸ. ಸಂಜೆ ಅರ್ಧ ಗಂಟೆ ನಡೆಯುತ್ತೇನೆ, ಅಷ್ಟೇ. ಉಳಿದವರು ಮೊದಲೇ ಬೆಟ್ಟ ಹತ್ತಿ ಅಭ್ಯಾಸ ಇರುವವರು, "ಏನಿಲ್ಲ, ಆರಾಮಾಗಿ ಹತ್ತಬಹುದು ಬಾ" ಅನ್ನುತ್ತಾರೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಅಲ್ಲಿಗೆ ಹೋದಮೇಲೆ ಒದ್ದಾಡುವುದಕ್ಕಿಂತ ಈಗಲೇ ಗೊತ್ತಿರುವವರನ್ನು ಕೇಳುವುದು ಒಳ್ಳೆಯದು ಅನ್ನಿಸಿತು. ಜಿಮ್‌ಗೆ ಸೇರಬೇಕಾ? ಶೂ ಎಂಥದ್ದು ಬೇಕು? ಏನೇನು ಹೊತ್ತುಕೊಂಡು ಹೋಗಬೇಕು? ನನ್ನಿಂದ ಉಳಿದವರಿಗೆ ತೊಂದರೆ ಆಗಬಾರದು ಅನ್ನುವುದೇ ದೊಡ್ಡ ಚಿಂತೆ.

ಕಲ್ಲುದಾರಿ

ಎರಡು ತಿಂಗಳು ಸಾಕು, ಆದರೆ ಇವತ್ತೇ ಶುರು ಮಾಡಿದರೆ ಮಾತ್ರ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರೆಲ್ಲ ಹತ್ತುವುದಕ್ಕೆ ತಯಾರಾಗುತ್ತಾರೆ, ಇಳಿಯುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿಜ. ಆದರೆ ಎರಡು ನಿಮಿಷ ನಿಂತರೆ ಉಸಿರು ಹದಕ್ಕೆ ಬರುತ್ತದೆ. ಇಳಿಯುವಾಗ ತೊಡೆ ಸೋತರೆ ಎಷ್ಟು ಹೊತ್ತು ನಿಂತರೂ ಅದು ಸರಿಹೋಗುವುದಿಲ್ಲ, ಕಾಲು ಗಡಗಡ ನಡುಗುತ್ತದೆ, ಹೆಜ್ಜೆ ಎಲ್ಲಿ ಇಡಬೇಕು ಅಂದುಕೊಳ್ಳುತ್ತೀರೋ ಅಲ್ಲಿ ಬೀಳುವುದಿಲ್ಲ. ಬೆಟ್ಟದಲ್ಲಿ ಪಾದ ಉಳುಕಿಸಿಕೊಂಡವರನ್ನು ಕೇಳಿ ನೋಡಿ, ಜಾಸ್ತಿ ಜನ ಇಳಿಯುವಾಗಲೇ ಅಂತ ಹೇಳುತ್ತಾರೆ.

ಕಾರಣ ಇಷ್ಟೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ನಿಮ್ಮ ಭಾರವನ್ನು ತಡೆದು ಹಿಡಿಯಬೇಕು. ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಇದ್ದ ಹಾಗೆ. ಈ ಥರದ ಕೆಲಸ ಸ್ನಾಯುವಿಗೆ ಹೊಸದಾದರೆ ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟಾಗುತ್ತದೆ. ಅದಕ್ಕೇ ಬೆಟ್ಟ ಇಳಿದ ದಿನಕ್ಕಿಂತ ಮಾರನೇ ದಿನ, ಅದರ ಮರುದಿನ ನೋವು ಜಾಸ್ತಿ. ಸಂತೋಷದ ವಿಷಯ ಅಂದರೆ ಸ್ನಾಯು ಬೇಗ ಕಲಿಯುತ್ತದೆ. ಒಂದು ಸಲ ಇಂಥ ಕೆಲಸ ಕೊಟ್ಟರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ.

ಹಾಗಾಗಿ ಮನೆಯಲ್ಲೇ ಮಾಡಬಹುದಾದ ಒಂದು ವ್ಯಾಯಾಮ ಹೇಳುತ್ತೇನೆ. ಒಂದು ಮೆಟ್ಟಿಲ ಅಂಚಿನಲ್ಲಿ ಬಲಗಾಲ ಮೇಲೆ ನಿಲ್ಲಿ. ಎಡಗಾಲನ್ನು ಮುಂದೆ ಚಾಚಿ ಕೆಳಗಿನ ಮೆಟ್ಟಿಲ ಕಡೆಗೆ ನಿಧಾನವಾಗಿ ಇಳಿಸಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಹಿಮ್ಮಡಿ ಸುಮ್ನೆ ಸೋಕಬೇಕು, ಭಾರ ಬಿಡಬಾರದು. ಮತ್ತೆ ಮೇಲಕ್ಕೆ. ಬಲ ಮಂಡಿ ಒಳಗಡೆ ವಾಲದೆ ಪಾದದ ನೇರಕ್ಕೇ ಇರಬೇಕು, ಬೇಕಿದ್ದರೆ ಎದುರಿಗೆ ಕನ್ನಡಿ ಇಟ್ಟುಕೊಳ್ಳಿ. ಒಂದೊಂದು ಕಾಲಿಗೆ ಹತ್ತರಂತೆ ಮೂರು ಸುತ್ತು, ವಾರಕ್ಕೆ ಎರಡು ಮೂರು ದಿನ. ಮೊದಲ ವಾರ ಕೂತು ಏಳುವುದೇ ಕಷ್ಟ ಆಗಬಹುದು, ಆಮೇಲೆ ಸರಿಹೋಗುತ್ತದೆ.

ಜಿಮ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏನೂ ನಷ್ಟ ಇಲ್ಲ. ಮೆಟ್ಟಿಲೇ ನಿಮ್ಮ ಜಿಮ್. ಒಂದು ಮೆಟ್ಟಿಲು ಸುಮಾರು 17 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ 1,200 ಮೀಟರ್ ಅಂದರೆ ಏಳು ಸಾವಿರ ಮೆಟ್ಟಿಲು. ಅಷ್ಟನ್ನೂ ಒಂದೇ ದಿನ ಮಾಡಿ ಅಂತ ಹೇಳುತ್ತಿಲ್ಲ. ಎಷ್ಟು ದೂರ ಇದೆ ಅನ್ನುವ ಅಂದಾಜಿಗೆ ಹೇಳಿದೆ. ವಾರದಲ್ಲಿ ಎರಡು ದಿನ ಮೆಟ್ಟಿಲು, ಒಂದು ದಿನ ಉದ್ದದ ನಡಿಗೆ. ಎರಡು ಗಂಟೆಯಿಂದ ಶುರು ಮಾಡಿ ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಐದು ಗಂಟೆ ತನಕ ತನ್ನಿ. ಇಳಿಯಲು ಲಿಫ್ಟ್ ಬಳಸಬೇಡಿ, ಅಲ್ಲೇ ನಿಮ್ಮ ಅರ್ಧ ತಯಾರಿ ಇರುವುದು.

ವೇಗದ ವಿಷಯಕ್ಕೆ ಬಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡೆರಡು ಪದಕ್ಕೆ ಉಸಿರು ಎಳೆದುಕೊಳ್ಳುವ ಹಾಗಾದರೆ ನಿಧಾನ ಮಾಡಿ. ಕೊನೆಯ ವಾರ ಹಗುರ ಇರಲಿ. ಆ ವಾರ ಕಷ್ಟಪಟ್ಟು ಮಾಡಿದ್ದು ಬೆಟ್ಟದಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಸುಸ್ತು ಮಾತ್ರ ಉಳಿಯುತ್ತದೆ.

ಮುಂಜಾವು

ಕಲ್ಲುದಾರಿ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಮೈ ತಯಾರಾದಷ್ಟೇ ಗಡಿಯಾರದ ಲೆಕ್ಕವೂ ಮುಖ್ಯ.

ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವ ಪರ್ವತಾರೋಹಿ 1892ರಲ್ಲೇ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಹಾಕಿ ನೋಡಿ. 18 ಕಿಲೋಮೀಟರಿಗೆ ಸುಮಾರು ಮೂರೂವರೆ ಗಂಟೆ, ಏರಿಗೆ ಎರಡು ಗಂಟೆ, ಒಟ್ಟು ಐದೂವರೆ. ಆದರೆ ಇದು ಅಭ್ಯಾಸ ಇರುವವರ ಲೆಕ್ಕ, ಕೂರುವುದು, ತಿನ್ನುವುದು, ಫೋಟೋ, ದಾರಿ ಹುಡುಕುವುದು ಯಾವುದೂ ಇದರಲ್ಲಿಲ್ಲ, ಕಡಿದಾದ ಇಳಿಜಾರಿನಲ್ಲಿ ನಿಧಾನ ಆಗುವುದೂ ಇಲ್ಲ. ಹೊಸಬರು ಇದ್ದರೆ ಒಂದೂವರೆ ಪಟ್ಟು ಮಾಡಿ, ಮೇಲೆ ಒಂದು ಗಂಟೆ ಸೇರಿಸಿ. ಒಂಬತ್ತೂವರೆ ಗಂಟೆ ಹತ್ತಿರ ಬರುತ್ತದೆ. ಈಗ ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ಇನ್ನೆರಡು ಗಂಟೆ ಕೈಯಲ್ಲಿ ಇಟ್ಟುಕೊಳ್ಳಿ. ಬೆಳಗಿನ ಜಾವಕ್ಕೇ ಹೊರಡಬೇಕು ಅಂತ ಯಾರೂ ಹೇಳಬೇಕಾಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಅನ್ನುವುದನ್ನು ಕೆಳಗೇ ತೀರ್ಮಾನ ಮಾಡಿ. ಮೇಲೆ ಹೋದಮೇಲೆ ಮಾಡುವ ತೀರ್ಮಾನಕ್ಕೆ ಬೆಲೆ ಇಲ್ಲ. ತುದಿ ಕಣ್ಣಿಗೆ ಕಾಣುತ್ತಿರುತ್ತದೆ, "ಇಷ್ಟು ಬಂದಿದ್ದೇವೆ, ಇನ್ನು ಸ್ವಲ್ಪ" ಅಂತ ಒಬ್ಬರು ಅನ್ನುತ್ತಾರೆ, ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಮಧ್ಯಾಹ್ನ 2 ಗಂಟೆ ದಾಟಿದ ಮೇಲೂ ಹಲವರು ಮೇಲಕ್ಕೆ ಹೋಗುತ್ತಲೇ ಇದ್ದರು. ಇಳಿಯುವಾಗ ಹಿಮಗಾಳಿ ಹಿಡಿಯಿತು. ಆ ಎರಡು ದಿನದಲ್ಲಿ 8 ಮಂದಿ ತೀರಿಕೊಂಡರು. ಅವರಲ್ಲಿ ತುಂಬಾ ಅನುಭವ ಇದ್ದ ಮಾರ್ಗದರ್ಶಕರೂ ಇದ್ದರು. ನಿಮ್ಮದು ಅಂಥ ಪರ್ವತ ಅಲ್ಲ, ಆದರೆ ಮನುಷ್ಯರ ಮನಸ್ಸು ಎಲ್ಲ ಬೆಟ್ಟದಲ್ಲೂ ಒಂದೇ.

ಹಿಂದಿರುಗುವುದು ಅವಮಾನ ಅಂತ ಅನ್ನಿಸಿದರೆ ತೇನ್‌ಸಿಂಗ್ ಅವರನ್ನು ನೆನಪು ಮಾಡಿಕೊಳ್ಳಿ. 1952ರಲ್ಲಿ ಸ್ವಿಟ್ಜರ್ಲೆಂಡಿನ ಪರ್ವತಾರೋಹಿ ಲ್ಯಾಂಬರ್ಟ್ ಜೊತೆ ಎವರೆಸ್ಟ್‌ನಲ್ಲಿ ಸುಮಾರು 8,600 ಮೀಟರ್ ತನಕ ಹೋಗಿ ಇಬ್ಬರೂ ತಿರುಗಿ ಬಂದರು. ಮರುವರ್ಷ ಮೇ 29ಕ್ಕೆ ಹಿಲರಿ ಜೊತೆ ತುದಿ ಮೇಲೆ ನಿಂತರು. ಹಿಂದಿನ ವರ್ಷ ಹಟ ಹಿಡಿದು ಮುಂದೆ ಹೋಗಿದ್ದರೆ 1953 ಇರುತ್ತಿತ್ತೋ ಇಲ್ಲವೋ.

ಹೊಸಹೆಜ್ಜೆ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಗೆಳೆಯರು ಬೆಳಿಗ್ಗೆ 9 ಗಂಟೆಗೆ ಹೊರಡೋಣ ಅಂದಿದ್ದರು, ಈ ಲೆಕ್ಕ ತೋರಿಸುತ್ತೇನೆ. ಶೂ ಬಗ್ಗೆ ಯಾರಾದರೂ ಹೇಳಿ. ಈಗ ಓಡಲು ಬಳಸುವ ಶೂ ಇದೆ, ಅದು ನಡೆಯುತ್ತಾ?

ಬೆನ್ನುಚೀಲ

ದಾರಿ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಒಣ ಮಣ್ಣಿನ ಒಳ್ಳೆಯ ಕಾಲುದಾರಿ, ಬೆನ್ನಲ್ಲಿ ಕಡಿಮೆ ಭಾರ ಅಂದರೆ ಹಿಡಿತ ಚೆನ್ನಾಗಿರುವ ಹಗುರ ಶೂ ಸಾಕು. ಓಡುವ ಶೂ ಅಡಿಭಾಗ ತಿರುಗಿಸಿ ನೋಡಿ, ಡಾಂಬರು ರಸ್ತೆಗೆ ಮಾಡಿದ ನುಣುಪು ತಳ ಆದರೆ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಬೇಡ. ಸಡಿಲ ಕಲ್ಲು, ಕೆಸರು, ಜಾಸ್ತಿ ಭಾರ ಇದ್ದರೆ ಗಟ್ಟಿ ತಳದ, ಕಾಲ್ಗಿಣ್ಣು ಮುಚ್ಚುವ ಬೂಟು ಒಳ್ಳೆಯದು.

ಯಾವುದೇ ಆಗಲಿ, ಸಂಜೆ ಹೊತ್ತು ಹೋಗಿ ಹಾಕಿ ನೋಡಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಆಗುತ್ತದೆ. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಲೇಸ್ ಬಿಚ್ಚಿ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿ ಹಿಂದೆ ಒಂದು ಬೆರಳು ಹೋಗಬೇಕು. ಅಲ್ಲೇ ಎಲ್ಲಾದರೂ ಇಳಿಜಾರು ಇದ್ದರೆ ಇಳಿದು ನೋಡಿ, ಬೆರಳ ತುದಿ ಶೂಗೆ ತಾಗಿದರೆ ಆ ಅಳತೆ ಬೇಡ. ಗಂಟೆಗಟ್ಟಲೆ ಇಳಿಯುವಾಗ ಪ್ರತಿ ಹೆಜ್ಜೆಗೂ ತಾಗಿ ತಾಗಿ ಉಗುರು ಕಪ್ಪಾಗುತ್ತದೆ. ಹೋಗುವ ಎರಡು ಮೂರು ದಿನ ಮೊದಲು ಉಗುರು ಕತ್ತರಿಸಿಕೊಳ್ಳಿ.

ಹೊಸ ಶೂ ಹಾಕಿಕೊಂಡು ನೇರ ಬೆಟ್ಟಕ್ಕೆ ಹೋಗಲೇಬೇಡಿ. ಕಲ್ಲುದಾರಿ ಹೇಳಿದ ಉದ್ದದ ನಡಿಗೆಯೆಲ್ಲ ಅದೇ ಶೂನಲ್ಲಿ, ಅದೇ ಸಾಕ್ಸ್‌ನಲ್ಲಿ, ಅದೇ ಚೀಲ ಹೊತ್ತು ಮಾಡಿ. ಎಲ್ಲಿ ಉಜ್ಜುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಬಿಸಿ ಅನ್ನಿಸುತ್ತದೆ, ಉರಿಯುತ್ತದೆ. ಆಗಲೇ ನಿಂತು ಶೂ ಬಿಚ್ಚಿ, ಒಣಗಿಸಿ, ಟೇಪ್ ಹಚ್ಚಿ. "ಮುಂದೆ ಕೂರುವಾಗ ನೋಡೋಣ" ಅಂದರೆ ಅಷ್ಟರಲ್ಲಿ ಚರ್ಮ ಎದ್ದಿರುತ್ತದೆ. ಎಲ್ಲರೂ ನಿಮಗಾಗಿ ನಿಲ್ಲಬೇಕಲ್ಲ ಅನ್ನುವ ಸಂಕೋಚ ಬೇಡ. ಐದು ನಿಮಿಷ ಈಗ ನಿಲ್ಲುವುದಾ, ಸಂಜೆ ಎರಡು ಗಂಟೆ ಕುಂಟುತ್ತಾ ಬರುವುದಾ?

ಚೀಲದ ಸೊಂಟದ ಪಟ್ಟಿಯನ್ನು ಮೊದಲು ಕಟ್ಟಿ, ಆಮೇಲೆ ಹೆಗಲಿನದು. ಭಾರ ಸೊಂಟದ ಮೂಳೆ ಮೇಲೆ ಕೂರಬೇಕು. ಭಾರದ ವಸ್ತು ಬೆನ್ನಿಗೆ ಹತ್ತಿರ, ಚೀಲದ ನಡುವೆ. ಒಂದು ದಿನದ ದಾರಿಗೆ ನೀರೂ ಸೇರಿ ಆರೇಳು ಕೆಜಿ ದಾಟಿದರೆ ಬಿಚ್ಚಿ ಮತ್ತೆ ನೋಡಿ, ಬೇಡದ್ದು ಏನೋ ಇದೆ.

ತಂಪುಗಾಳಿ

ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ತುದಿಯಲ್ಲಿ ಗಾಳಿ ಬೀಸಿದಾಗ ಮೈ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ. ಅಂದರೆ ನಿಮ್ಮ ತುದಿಯಲ್ಲಿ ಕೆಳಗಿಗಿಂತ ಎಂಟು ಡಿಗ್ರಿ ಹತ್ತಿರ ತಂಪು, ಗಾಳಿಯ ಚಳಿ ಬೇರೆ. ಮೈಗೆ ತಾಗುವಂತೆ ಬೇಗ ಒಣಗುವ ತೆಳು ಬಟ್ಟೆ, ಮೇಲೆ ಬೆಚ್ಚಗಿನದೊಂದು, ಅದರ ಮೇಲೆ ಗಾಳಿ ಮಳೆ ತಡೆಯುವುದು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿ, ಹತ್ತು ನಿಮಿಷ ಏರಿದರೆ ಮೈ ಬಿಸಿಯಾಗುತ್ತದೆ. ನಿಂತ ತಕ್ಷಣ ಬೆಚ್ಚಗಿನದು ಹಾಕಿ, ನಡುಕ ಶುರುವಾದ ಮೇಲಲ್ಲ.

ಜೊತೆಯವರು ಯಾರಾದರೂ ಎಡವುವುದು, ತೊದಲುವುದು, ಜಿಪ್ ಎಳೆಯಲು ತಡಕಾಡುವುದು ಕಂಡರೆ ಅದು ಬರೀ ಸುಸ್ತು ಅಂತ ಬಿಡಬೇಡಿ. ಮೈಯ ಶಾಖ 35 ಡಿಗ್ರಿಗಿಂತ ಇಳಿಯುತ್ತಿರುವ ಗುರುತು ಇರಬಹುದು. ಒದ್ದೆ ಬಟ್ಟೆ ಬದಲಿಸಿ, ಗಾಳಿಯಿಂದ ಮರೆ ಮಾಡಿ, ಎಚ್ಚರ ಚೆನ್ನಾಗಿದ್ದರೆ ಬಿಸಿ, ಸಿಹಿ ಏನಾದರೂ ಕುಡಿಸಿ. ಚೆನ್ನಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ಅದು ಇನ್ನೂ ಅಪಾಯ.

ಚೀಲದಲ್ಲಿ ಇರಲೇಬೇಕಾದದ್ದು ಅಂದರೆ ತಲೆಗೆ ಕಟ್ಟುವ ಟಾರ್ಚ್. ಹಗಲಲ್ಲೇ ಬರುತ್ತೇವೆ ಅಂತ ಎಲ್ಲರೂ ಅಂದುಕೊಂಡೇ ಹೋಗುವುದು. ಫೋನಿನ ಬೆಳಕನ್ನು ನೆಚ್ಚಬೇಡಿ, ಒಂದು ಕೈ ಅದಕ್ಕೇ ಹೋಗುತ್ತದೆ, ಬ್ಯಾಟರಿಯೂ ಹೋಗುತ್ತದೆ. ಜೊತೆಗೊಂದು ಸೀಟಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಆರು ಸಲ, ಇದು ಆಲ್ಪ್ಸ್ ಕಡೆಯಿಂದ ಬಂದ ಸಹಾಯದ ಕರೆ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಕೂಗಿ ಕೂಗಿ ಗಂಟಲು ಹೋಗುತ್ತದೆ, ಸೀಟಿಗೆ ಆ ತೊಂದರೆ ಇಲ್ಲ.

ಕಲ್ಲುದಾರಿ

ಶೂ ಬಗ್ಗೆ ಬೆನ್ನುಚೀಲ ಹೇಳಿದ್ದಕ್ಕೆ ಒಪ್ಪಿಗೆ ಇದೆ, ಒಂದು ಬಿಟ್ಟು. ಕಾಲ್ಗಿಣ್ಣು ಮುಚ್ಚುವ ಬೂಟು ಹಾಕಿದರೆ ಪಾದ ಉಳುಕುವುದೇ ಇಲ್ಲ ಅಂತ ಹೊಸಬರು ನಂಬುತ್ತಾರೆ. ಅದು ಸ್ವಲ್ಪ ಆಸರೆ, ಅಷ್ಟೇ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿ, ಸುಲಭ ಅನ್ನಿಸಿದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಕಾಲ್ಗಿಣ್ಣಿಗೆ ಬೂಟಿಗಿಂತ ಇದರಿಂದ ಜಾಸ್ತಿ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.

ನಡಿಗೆ ಕೋಲು ಎರಡು ತಗೊಳ್ಳಿ. ಇಳಿಯುವಾಗ ಮಂಡಿ ಮೇಲಿನ ಹೊರೆ ಸ್ವಲ್ಪ ಕೈಗೆ ಹೋಗುತ್ತದೆ. ಸಮ ನೆಲದಲ್ಲಿ ಮೊಣಕೈ ಎಲ್ ಆಕಾರಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಅದಕ್ಕಿಂತ ಐದರಿಂದ ಹತ್ತು ಸೆಂಟಿಮೀಟರ್ ಜಾಸ್ತಿ. ಕೈ ಬಳಸಿ ಹತ್ತಬೇಕಾದ ಬಂಡೆ ಬಂದರೆ ಮಡಿಸಿ ಚೀಲಕ್ಕೆ ಸಿಕ್ಕಿಸಿ. ಇಳಿಯುವಾಗ ಮಂಡಿ ನೆಟ್ಟಗೆ ಮಾಡಿ ಧಡ್ ಅಂತ ಹೆಜ್ಜೆ ಹಾಕಬೇಡಿ, ಸ್ವಲ್ಪ ಬಾಗಿಸಿ, ಹೆಜ್ಜೆ ಚಿಕ್ಕದು ಮಾಡಿ. ಹೆದರಿಕೆಯಾದರೆ ಮೈ ಹಿಂದಕ್ಕೆ ವಾಲುತ್ತದೆ, ಆಗಲೇ ಜಾರುವುದು. ಭಾರ ಪಾದದ ಮೇಲೇ ಇರಲಿ.

ಹೊಸಹೆಜ್ಜೆ

ಇವತ್ತು ಆ ಮೆಟ್ಟಿಲ ವ್ಯಾಯಾಮ ಮಾಡಿದೆ. ಎರಡನೇ ಸುತ್ತಿಗೇ ತೊಡೆ ಉರಿಯಿತು. ಇನ್ನೊಂದು ಕೇಳಬೇಕು. ಗುಂಪಿನಲ್ಲಿ ನಾನೇ ನಿಧಾನ ಅಂತ ಗೊತ್ತು. ಹಿಂದೆ ಉಳಿದರೆ ಏನು ಮಾಡಲಿ?

ಮುಂಜಾವು

ನೀವು ಹಿಂದೆ ಉಳಿಯಬಾರದು, ಮುಂದೆ ಇರಬೇಕು. ಇದನ್ನು ನಿಮ್ಮ ಗೆಳೆಯರಿಗೂ ತೋರಿಸಿ.

ಎಲ್ಲ ಗುಂಪಿನಲ್ಲೂ ನಡೆಯುವುದು ಇದೇ. ಗಟ್ಟಿ ಕಾಲಿನವರು ಮುಂದೆ ಹೋಗಿ ಒಂದು ಕಡೆ ಕೂರುತ್ತಾರೆ, ನೀರು ಕುಡಿಯುತ್ತಾರೆ, ಹರಟೆ ಹೊಡೆಯುತ್ತಾರೆ. ಹದಿನೈದು ನಿಮಿಷಕ್ಕೆ ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುತ್ತಾರೆ. "ಬಂದ್ರಾ? ಹೊರಡೋಣ ಹಾಗಾದ್ರೆ" ಅಂತ ಮುಂದಿನವರು ಏಳುತ್ತಾರೆ. ವಿಶ್ರಾಂತಿ ಬೇಡದವರಿಗೆ ವಿಶ್ರಾಂತಿ ಸಿಕ್ಕಿತು, ಬೇಕಾದವರಿಗೆ ಸಿಗಲಿಲ್ಲ. ಇಡೀ ದಿನ ಹೀಗೇ ನಡೆದರೆ ನಿಧಾನ ಇರುವವರು ಸಂಜೆಗೆ ಪೂರ್ತಿ ಸೋತಿರುತ್ತಾರೆ, ಇಳಿಯುವ ಹೊತ್ತಿಗೆ. ನಿಧಾನ ಇರುವವರು ಮುಂದೆ ನಡೆದರೆ ಇದು ತಪ್ಪುತ್ತದೆ, ಗುಂಪೂ ಒಡೆಯುವುದಿಲ್ಲ. ಕೊನೆಯಲ್ಲಿ ದಾರಿ ಗೊತ್ತಿರುವ ಒಬ್ಬರು ಇರಲಿ.

ಕಡಿದಾದ ಏರಿನಲ್ಲಿ ಒಂದು ಉಪಾಯ ಇದೆ. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲನ್ನು ನೆಟ್ಟಗೆ ಮಾಡಿ ಒಂದು ಕ್ಷಣ ಭಾರ ಪೂರ್ತಿ ಅದರ ಮೇಲೆ ಬಿಡಿ. ಮೂಳೆ ಭಾರ ಹೊರುತ್ತದೆ, ಸ್ನಾಯುವಿಗೆ ಆ ಕ್ಷಣ ಬಿಡುವು. ಆಮೇಲೆ ಮುಂದಿನ ಹೆಜ್ಜೆ. ನೋಡುವವರಿಗೆ ತುಂಬಾ ನಿಧಾನ ಅನ್ನಿಸುತ್ತದೆ, ಆದರೆ ನಿಲ್ಲದೆ ಗಂಟೆಗಟ್ಟಲೆ ಹೋಗಬಹುದು. ಓಡಿ ನಿಂತು ಓಡಿ ನಿಂತು ಹೋಗುವವರಿಗಿಂತ ಮೊದಲೇ ತಲುಪಿರುತ್ತೀರಿ.

ಮೋಡದಂಚು

ನಡುವೆ ಬಂದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಾನೂ ಹೊಸಬಳೇ. ನಮ್ಮದು 4,000 ಮೀಟರ್ ದಾಟುವ ದಾರಿ, ಕೆಲವು ದಿನಗಳದ್ದು. ದಿನಾ ಓಡುತ್ತೇನೆ, ಫಿಟ್ ಇದ್ದೇನೆ. ಅಷ್ಟು ಎತ್ತರಕ್ಕೆ ಬೇರೆ ಏನಾದರೂ ತಯಾರಿ ಬೇಕಾ?

ತಂಪುಗಾಳಿ

ಬೇಕು ಅಕ್ಕ, ಅದು ಬೇರೆಯೇ ಲೆಕ್ಕ. ಓಡುವವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಫಿಟ್ ಇರುವವರು ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ, ಅದರಿಂದಲೇ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇರುತ್ತದೆ, ಸುಮಾರು 21 ಶೇಕಡಾ. ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರ್ ಹೊತ್ತಿಗೆ ಸಮುದ್ರ ಮಟ್ಟದ ಅರ್ಧ. ಅದಕ್ಕೆ ಒಂದೊಂದು ಉಸಿರಿಗೂ ಸಿಗುವುದು ಕಮ್ಮಿ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತೊಂದರೆ ಶುರುವಾಗಬಹುದು. 3,000 ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಲ್ಲಿ ಇನ್ನಷ್ಟು ಮೇಲೆ ಹೋಗಿ ಬಂದು ಕೆಳಗೆ ಮಲಗಬಹುದು. ಕರೆದುಕೊಂಡು ಹೋಗುವವರ ವೇಳಾಪಟ್ಟಿ ತೆಗೆದು ಪ್ರತಿ ರಾತ್ರಿಯ ಎತ್ತರ ಬರೆದು ನೋಡಿ. ದಿನ ಉಳಿಸಲು ಇದನ್ನು ಮುರಿದಿದ್ದರೆ ಬೇರೆಯವರನ್ನು ಹುಡುಕಿ.

ತಲೆನೋವು, ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ಮುಂದೆ ಏರಬೇಡಿ. ಒಂದು ದಿನದಲ್ಲಿ ಕಮ್ಮಿಯಾಗದಿದ್ದರೆ ಇಳಿಯಿರಿ. ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಅಥವಾ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದು ಪಾದದ ಬೆರಳ ತುದಿಗೆ ತಾಗಿಸುತ್ತಾ ನೆಟ್ಟಗೆ ನಡೆಯಲು ಆಗದೆ ತೂರಾಡುವುದು ಕಂಡರೆ ಒಂದು ಗಂಟೆಯೂ ಕಾಯುವ ಹಾಗಿಲ್ಲ, ರಾತ್ರಿ ಆದರೂ ಕೆಳಗೆ ಇಳಿಸಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು, ಮೆದುಳು ಊದಿಕೊಳ್ಳುವುದು, ಎರಡೂ ಜೀವ ತೆಗೆಯುತ್ತವೆ. ಅಸೆಟಜೋಲಮೈಡ್ ಅನ್ನುವ ಮಾತ್ರೆ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ, ಆದರೆ ವೈದ್ಯರನ್ನು ಕೇಳದೆ ಬೇಡ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ತಲೆನೋವನ್ನು ಗುಂಪಿನವರಿಂದ ಮುಚ್ಚಿಡಬೇಡಿ, ದಯವಿಟ್ಟು.

ಬಿಸಿಲಿನ ಕನ್ನಡಕವೂ ಮರೆಯಬೇಡಿ. ಹೊಸ ಹಿಮ ನೇರಳಾತೀತ ಕಿರಣದ 80 ಶೇಕಡಾ ತನಕ ತಿರುಗಿ ಮುಖಕ್ಕೇ ಎರಚುತ್ತದೆ.

ಮೋಡದಂಚು

ನಮ್ಮ ಪಟ್ಟಿಯಲ್ಲಿ 3,100ರಿಂದ ಒಂದೇ ದಿನಕ್ಕೆ 3,900ಕ್ಕೆ ಹೋಗಿ ಮಲಗುವುದಿದೆ. ಇವತ್ತೇ ಫೋನ್ ಮಾಡಿ ಕೇಳುತ್ತೇನೆ.

ಬೆನ್ನುಚೀಲ

ಕೇಳಿ. ನಡುವೆ ಒಂದು ರಾತ್ರಿ ಸೇರಿಸಲು ಒಪ್ಪದಿದ್ದರೆ ಅವರ ಜೊತೆ ಹೋಗಬೇಡಿ.

ಹೊಸಹೆಜ್ಜೆಯವರಿಗೆ ಇನ್ನೆರಡು ಮಾತು. ಬೆಟ್ಟದಲ್ಲಿ ಹಸಿವಾಗುವ ತನಕ ಕಾಯಬೇಡಿ, ಗಂಟೆಗೊಮ್ಮೆ ಸ್ವಲ್ಪ ತಿನ್ನಿ. ಅಭ್ಯಾಸದ ನಡಿಗೆಯಲ್ಲಿ ತಿಂದು ಹೊಟ್ಟೆಗೆ ಒಗ್ಗಿದ್ದನ್ನೇ ತಗೊಂಡು ಹೋಗಿ. ಬಾಯಾರಿದಾಗ ಕುಡಿಯಿರಿ, ಉಪ್ಪಿನ ಅಂಶ ಇಲ್ಲದೆ ಬರೀ ನೀರನ್ನೇ ಬಲವಂತವಾಗಿ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಅಪಾಯ. ತೊರೆ ನೀರು ಎಷ್ಟು ತಿಳಿಯಾಗಿದ್ದರೂ ಶುದ್ಧ ಮಾಡದೆ ಕುಡಿಯಬೇಡಿ.

ಗುಡುಗು ಕೇಳಿಸಿದರೆ ತುದಿ, ಏಣು, ಒಂಟಿ ಮರ ಬಿಟ್ಟು ಕೆಳಗೆ ಇಳಿಯಿರಿ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಬಂದರೆ ಅದು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ. ಕೊನೆಯ ಗುಡುಗು ಆಗಿ ಅರ್ಧ ಗಂಟೆ ತನಕ ಮತ್ತೆ ಹತ್ತಬೇಡಿ.

ಹೊಸಹೆಜ್ಜೆ

ಎಲ್ಲ ಬರೆದಿಟ್ಟುಕೊಂಡಿದ್ದೇನೆ. ಗೆಳೆಯರಿಗೆ ತೋರಿಸಿದೆ. 5 ಗಂಟೆಗೆ ಹೊರಡಲು ಒಪ್ಪಿದ್ದಾರೆ, ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ಹಿಂದಿರುಗುವುದು ಅಂತಲೂ ಆಯಿತು. ಕೊನೆಯದೊಂದು. ಬಲ ಮಂಡಿ ಮೆಟ್ಟಿಲು ಇಳಿಯುವಾಗ ಒಮ್ಮೊಮ್ಮೆ ಚುಳ್ ಅನ್ನುತ್ತದೆ. ಅಭ್ಯಾಸ ಮುಂದುವರಿಸಲಾ?

ಕಲ್ಲುದಾರಿ

ತೊಡೆ ಉರಿಯುವುದು ಬೇರೆ, ಕೀಲಿನ ಒಳಗೆ ಚುಚ್ಚುವುದು ಬೇರೆ. ಮೊದಲನೆಯದಕ್ಕೆ ಹೆದರಬೇಡಿ. ಎರಡನೆಯದಕ್ಕೆ ಅರ್ಧ ಎತ್ತರದ ಮೆಟ್ಟಿಲಲ್ಲಿ ಮಾಡಿ ನೋಡಿ. ಅದರಲ್ಲಿ ನೋವು ಬರದಿದ್ದರೆ ಅಲ್ಲಿಂದಲೇ ನಿಧಾನವಾಗಿ ಏರಿಸಿ. ಆಗಲೂ ಚುಳ್ ಅಂದರೆ, ಮಂಡಿ ಊದಿಕೊಂಡರೆ, ಅಥವಾ ಇದ್ದಕ್ಕಿದ್ದಂತೆ ಕಾಲು ಕೈಕೊಟ್ಟ ಹಾಗಾದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಇನ್ನೂ ಎರಡು ತಿಂಗಳಿದೆ, ಈಗ ತೋರಿಸಿದರೆ ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಹೊರಡುವ ಹಿಂದಿನ ವಾರ ತೋರಿಸಿದರೆ ಅವರು ಹೋಗಬೇಡಿ ಅಂತಲೇ ಹೇಳುವುದು.

ಮುಂಜಾವು

ಹೊರಡುವ ಹಿಂದಿನ ರಾತ್ರಿ ಬೆಟ್ಟಕ್ಕೆ ಬರದ ಒಬ್ಬರಿಗೆ ಮೆಸೇಜ್ ಕಳಿಸಿ. ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ಇಳಿದು ಫೋನ್ ಮಾಡುತ್ತೀರಿ, ಎಷ್ಟು ಗಂಟೆ ತನಕ ಮಾಡದಿದ್ದರೆ ಅವರು ಯಾರಿಗೆ ತಿಳಿಸಬೇಕು, ಆ ನಂಬರ್ ಸಮೇತ. ಮೇಲೆ ಸಿಗ್ನಲ್ ಇರುವುದಿಲ್ಲ ಅಂದುಕೊಂಡೇ ನಕ್ಷೆ ಫೋನಿಗೆ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಚಳಿ ಇದ್ದರೆ ಮೈಗೆ ತಾಗುವ ಜೇಬಿನಲ್ಲಿ ಇಟ್ಟುಕೊಳ್ಳಿ. ಇಳಿದ ತಕ್ಷಣ ಮೊದಲ ಫೋನ್ ಆ ಒಬ್ಬರಿಗೆ.